ಮೇಜಿನ ಮೇಲೊಂದು ಕಾಂಕ್ರೀಟ್ ಕಟ್ಟಡ: ಅಚ್ಚು ಹಾಕುವುದು ಹೇಗೆ?

ಕಾಂಕ್ರೀಟ್ ಕಟ್ಟಡದ ಪುಟಾಣಿ ಮಾದರಿಯನ್ನು ಕಾಂಕ್ರೀಟ್‌ನಲ್ಲೇ ಮಾಡಬೇಕು. ರಟ್ಟಿನಲ್ಲಿ ಮಾಡಿ ಬೂದು ಬಣ್ಣ ಬಳಿದರೆ ಆಕಾರವೇನೋ ಬರುತ್ತದೆ. ಆದರೆ ಆ ಕಟ್ಟಡ ಎದ್ದು ನಿಂತ ಬಗೆ ಕೈಗೆ ತಿಳಿಯುವುದಿಲ್ಲ. ಸೈಟ್‌ನಲ್ಲಿ ಮೊದಲು ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ಹಲಗೆಯ ಅಚ್ಚು), ಆಮೇಲೆ ಕಾಂಕ್ರೀಟ್, ಅಲ್ವಾ? ಮಾದರಿಯಲ್ಲೂ ಹಾಗೆಯೇ. ನೀವು ಕೈಯಾರೆ ಕಟ್ಟುವುದು ಖಾಲಿ ಜಾಗವನ್ನು. ಉಳಿದ ಜಾಗವನ್ನು ಕಾಂಕ್ರೀಟ್ ತಾನೇ ತುಂಬಿಕೊಳ್ಳುತ್ತದೆ.

ಮೊದಲ ಸಲಕ್ಕೆ ನಾನು ಹೇಳುವುದು ಅಹಮದಾಬಾದಿನ ಮಿಲ್ ಓನರ್ಸ್ ಅಸೋಸಿಯೇಷನ್ ಕಟ್ಟಡ. ಫ್ರಾನ್ಸಿನ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ವಿನ್ಯಾಸ ಮಾಡಿದ್ದು, 1954ರಲ್ಲಿ ಮುಗಿಯಿತು. ಅವರ ಅಹಮದಾಬಾದಿನ ಕೆಲಸಗಳ ಉಸ್ತುವಾರಿ ನೋಡಿಕೊಂಡವರು ಬಿ.ವಿ. ದೋಶಿ. ಮುಂದೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ ವಿನ್ಯಾಸ ಮಾಡಿದ್ದೂ ಅವರೇ. ಐಐಎಂನ ಸೊಗಸೆಲ್ಲ ಕಲ್ಲಿನ ಗೋಡೆಗಳಲ್ಲಿದೆ, ಹಾಗಾಗಿ ಅಚ್ಚಿನ ಕೆಲಸಕ್ಕೆ ಅಹಮದಾಬಾದಿನದೇ ಸರಿ.

ಈ ಕಟ್ಟಡದ ಎರಡು ಮುಖಗಳಲ್ಲೂ ಬಿಸಿಲು ತಡೆಯಲು ಉದ್ದುದ್ದ ಕಾಂಕ್ರೀಟ್ ಪಟ್ಟಿಗಳಿವೆ. ಸಾಬರಮತಿ ಕಡೆ ಅವು ನೇರ, ಗಾಳಿ ಮತ್ತು ನದಿಯ ನೋಟ ಎರಡೂ ಒಳಗೆ ಬರಲಿ ಅಂತ. ಪಶ್ಚಿಮಕ್ಕೆ, ಅಂದರೆ ರಸ್ತೆ ಕಡೆ, ಪಟ್ಟಿಗಳು ಓರೆಯಾಗಿವೆ. ಸಂಜೆಯ ಇಳಿಬಿಸಿಲೂ ಬೀದಿಯ ಕಣ್ಣುಗಳೂ ಅಲ್ಲೇ ತಡೆದು ನಿಲ್ಲುತ್ತವೆ. ನಾವು ಮಾಡುವುದು ಈ ರಸ್ತೆ ಕಡೆಯ ಮುಖವನ್ನು ಮಾತ್ರ, ಸುಮಾರು 20 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರಕ್ಕೆ.

ಬೇಕಾದದ್ದು

ಸಿಮೆಂಟ್, ಎಂ-ಸ್ಯಾಂಡ್, 5 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ), ಗಟ್ಟಿ ಫೋಮ್ ಶೀಟ್, ಸೆಲ್ಲೋಟೇಪ್, ಅಂಟು, ಕಟರ್, ಸ್ಟೀಲ್ ಸ್ಕೇಲ್. ಗೋಡೆ ಬಿರುಕಿಗೆ ಹಚ್ಚುವ ಫೈಬರ್ ಮೆಶ್ ಒಂದು ತುಂಡು. ಸ್ವಲ್ಪ ಕೊಬ್ಬರಿ ಎಣ್ಣೆ. ಮರಳನ್ನು ಟೀ ಸೋಸುವ ಹಳೇ ಜಾಲರಿಯಲ್ಲಿ ಜರಡಿ ಹಿಡಿಯಿರಿ, ಜಲ್ಲಿ ಬೇಡವೇ ಬೇಡ. ಸಿಮೆಂಟಿನಲ್ಲಿ ಗಂಟು ಕಂಡರೆ ಅದು ಹಳೆಯದು, ಬಿಟ್ಟುಬಿಡಿ. ಮಾಸ್ಕ್, ಗ್ಲೌಸ್ ಕಡ್ಡಾಯ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಅಚ್ಚು: ನಿಜವಾದ ಕೆಲಸ ಇಲ್ಲಿದೆ

ಕಟ್ಟಡವನ್ನು ನೇರ ಎದುರಿನಿಂದ ತೆಗೆದ ಫೋಟೊ ಹುಡುಕಿ. ಪಟ್ಟಿಗಳನ್ನು ಎಣಿಸಿ, ಕಾಗದದ ಮೇಲೆ ಅಳತೆಗೆ ಬರೆದುಕೊಳ್ಳಿ. ಪಟ್ಟಿಯ ದಪ್ಪವನ್ನು ಮಾತ್ರ ಅಳತೆಗೆ ತಕ್ಕಂತೆ ಇಳಿಸಬೇಡಿ. ಒಂದೆರಡು ಮಿ.ಮೀ. ಕಾಂಕ್ರೀಟ್ ಅಚ್ಚಿನಿಂದ ಇಡಿಯಾಗಿ ಬರುವುದಿಲ್ಲ. 4 ಮಿ.ಮೀ. ಇರಲಿ. ಕಣ್ಣಿಗೆ ಅದು ದಪ್ಪ ಅನಿಸುವುದಿಲ್ಲ.

ಈಗ ಆ ಚಿತ್ರವನ್ನು ಎಡ-ಬಲ ಅದಲು ಬದಲು ಮಾಡಿ. ಇದನ್ನು ಮರೆಯುವಂತಿಲ್ಲ. ಕಟ್ಟಡದ ಮುಖ ಅಚ್ಚಿನ ತಳಕ್ಕೆ ಬೋರಲಾಗಿ ಬೀಳುತ್ತದೆ, ಹಾಗಾಗಿ ಮೇಲಿನಿಂದ ನೋಡುವಾಗ ಎಲ್ಲವೂ ಕನ್ನಡಿಯಲ್ಲಿ ಕಂಡಂತಿರಬೇಕು. ತಿರುಗಿಸದೆ ಹೋದರೆ ಪಟ್ಟಿಗಳೆಲ್ಲ ಉಲ್ಟಾ ದಿಕ್ಕಿಗೆ ವಾಲುತ್ತವೆ.

ಸನ್‌ಬೋರ್ಡಿನಲ್ಲಿ ತಟ್ಟೆ ಮಾಡಿ, ಅಂಚಿನ ಗೋಡೆ 25 ಮಿ.ಮೀ. ಇರಲಿ. ಅದಲು ಮಾಡಿದ ಚಿತ್ರವನ್ನು ತಳಕ್ಕೆ ಅಂಟಿಸಿ ಮೇಲೆ ಟೇಪ್ ಹಚ್ಚಿ. ಇನ್ನು ಫೋಮ್. ಎರಡು ಪಟ್ಟಿಗಳ ನಡುವಿನ ಪ್ರತಿ ಖಾಲಿ ಜಾಗಕ್ಕೂ ಒಂದೊಂದು ತುಂಡು, ಎತ್ತರ 15 ಮಿ.ಮೀ. ಕಟರನ್ನು ಸ್ಕೇಲಿಗೆ ಒರಗಿಸಿ ಓರೆಯಾಗಿ ಎಳೆದರೆ ಎರಡೂ ಬದಿ ಒಂದೇ ಕಡೆಗೆ ವಾಲಿದ ತುಂಡು ಸಿಗುತ್ತದೆ. ಪ್ರತಿ ಎಳೆತಕ್ಕೂ ಓರೆ ಒಂದೇ ಇರಬೇಕು, ಅದಕ್ಕೆ ಕಟರ್ ಪಕ್ಕ ಒಂದು ರಟ್ಟಿನ ತ್ರಿಕೋನ ಇಟ್ಟುಕೊಳ್ಳಿ. ಮಹಡಿಯ ಚಪ್ಪಡಿ ಬರುವ ಕಡೆ 4 ಮಿ.ಮೀ. ಸಂದು ಬಿಡಿ. ರಸ್ತೆಯಿಂದ ಮೇಲೇರುವ ಇಳಿಜಾರು ದಾರಿ, ಅಂದರೆ ರ‍್ಯಾಂಪ್ ಬಂದು ಸೇರುವ ಬಾಗಿಲಿಗೆ ದೊಡ್ಡ ತುಂಡು.

ತುಂಡುಗಳಿಗೆ ಟೇಪ್ ಸುತ್ತಿ ತಳಕ್ಕೆ ಭದ್ರವಾಗಿ ಅಂಟಿಸಿ. ಫೋಮ್ ಹಗುರ. ಅಂಟು ಬಿಟ್ಟರೆ ಹಸಿ ಕಾಂಕ್ರೀಟ್‌ನಲ್ಲಿ ತೇಲಿ ಮೇಲೆ ಬಂದುಬಿಡುತ್ತದೆ. ಕೊನೆಗೆ ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಒರೆಸಿ. ಎಣ್ಣೆ ಜಾಸ್ತಿಯಾದರೆ ಮೇಲ್ಮೈಯಲ್ಲಿ ಕಲೆ, ತೂತು.

ಕಲಸಿ, ಸುರಿಯಿರಿ

300 ಗ್ರಾಂ ಸಿಮೆಂಟ್, 450 ಗ್ರಾಂ ಮರಳು, 120 ಮಿ.ಲೀ. ನೀರು. ಬಣ್ಣ ತಿಳಿಯಾಗಬೇಕಿದ್ದರೆ ಸಿಮೆಂಟಿನ ಮೂರನೇ ಒಂದು ಪಾಲು ವೈಟ್ ಸಿಮೆಂಟ್ ಹಾಕಿ. ಇಷ್ಟು ಕಡಿಮೆ ನೀರಿನಲ್ಲಿ ಮಿಶ್ರಣ ಬಿಗಿಯಾಗಿರುತ್ತದೆ. ನೀರು ಹೆಚ್ಚಿಸದೆಯೇ ಮಿಶ್ರಣವನ್ನು ಸಡಿಲಿಸುವ, ಕಟ್ಟಡ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಸೂಪರ್‌ಪ್ಲಾಸ್ಟಿಸೈಸರ್ ಅರ್ಧ ಟೀ ಚಮಚ ಸೇರಿಸಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಅದಿಲ್ಲದಿದ್ದರೆ 15-20 ಮಿ.ಲೀ. ನೀರು ಹೆಚ್ಚಿಸಿ, ಅದಕ್ಕಿಂತ ಮುಂದೆ ಹೋಗಬೇಡಿ. ಸುರಿಯಲು ಸುಲಭ ಅಂತ ಸುಮ್ನೆ ನೀರು ಹೊಯ್ದರೆ ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತದೆ, ಒಣಗುವಾಗ ಬಿರಿಯುತ್ತದೆ.

ಒಂದು ಮೂಲೆಯಿಂದ ನಿಧಾನಕ್ಕೆ ಸುರಿಯಿರಿ. ಓರೆ ತುಂಡುಗಳ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ತಟ್ಟೆಯನ್ನು ಪಟ್ಟಿಗಳ ವಾಟಕ್ಕೆ ಸರಿಯಾಗಿ ಸ್ವಲ್ಪ ಎತ್ತಿ ಹಿಡಿದು, ಸಂದುಗಳಲ್ಲಿ ತೆಳು ತಂತಿ ಆಡಿಸಿ. ಸಂದುಗಳು ತುಂಬಿದ ಮೇಲೆ ಮೇಜನ್ನು ಕೆಳಗಿನಿಂದ ತಟ್ಟಿ, ಗುಳ್ಳೆ ಬರುವುದು ನಿಲ್ಲುವ ತನಕ. ನಂತರ ಮೆಶ್ ಇಟ್ಟು, ಮೇಲೆ ಇನ್ನು 8 ಮಿ.ಮೀ. ಹಾಕಿ ಮಟ್ಟ ಮಾಡಿ. ಪಟ್ಟಿಗಳನ್ನೆಲ್ಲ ಹಿಡಿದುಕೊಳ್ಳುವ ಬೆನ್ನು ಇದು.

ಪ್ಲಾಸ್ಟಿಕ್ ಹೊದಿಸಿ, ಫ್ಯಾನ್ ಗಾಳಿ ತಾಗದ ಕಡೆ ಇಡಿ. ಮರುದಿನ ಅಂಚಿನ ಗೋಡೆ ಮತ್ತು ತಳ ಮಾತ್ರ ಬಿಚ್ಚಿ. ಪಟ್ಟಿಗಳು ಆಗ ಇನ್ನೂ ಎಳೆಯವು, ಫೋಮ್ ಮುಟ್ಟಬೇಡಿ. ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಮೂರು ದಿನ ಬಿಡಿ. ಆಮೇಲೆ ಪ್ರತಿ ತುಂಡನ್ನು ನಡುವಿನಿಂದ ಬಗೆದು, ಚಿಮುಟದಲ್ಲಿ ಚೂರು ಚೂರಾಗಿ ಎಳೆಯಿರಿ. ಪಟ್ಟಿಗೆ ಆನಿಸಿ ಮೀಟಬಾರದು. ಫೋಮ್ ಹೋದ ಮೇಲೂ ಒಟ್ಟು ಏಳು ದಿನ ತುಂಬುವವರೆಗೆ ಕ್ಯೂರಿಂಗ್, ಅಂದರೆ ಒದ್ದೆಯಾಗಿಡುವುದು, ಬೇಕು.

ರ‍್ಯಾಂಪನ್ನು ಬೇರೆಯಾಗಿ ಅಚ್ಚು ಹಾಕಿ ಎಪಾಕ್ಸಿಯಲ್ಲಿ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು) ಅಂಟಿಸಿ. ಅದರ ಬದಿಗೆ ಹಲಗೆ ಗುರುತು ಬೇಕಿದ್ದರೆ ಐಸ್‌ಕ್ರೀಂ ಕಡ್ಡಿಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ವಾರ್ನಿಷ್ ಹಚ್ಚಿ, ಅಚ್ಚಿನ ಒಳಗೋಡೆಗೆ ಜೋಡಿಸಿ. ಫ್ರಾನ್ಸಿನ ಮಾರ್ಸೇಲ್‌ನಲ್ಲಿ 1952ರಲ್ಲಿ ಮುಗಿದ ಅವರ ದೊಡ್ಡ ವಸತಿ ಕಟ್ಟಡದಲ್ಲಿ ಕಾರ್ಬೂಸಿಯೆ ಇಂಥ ಹಲಗೆ ಗುರುತುಗಳನ್ನು ಗಾರೆ ಬಳಿದು ಮುಚ್ಚದೆ ಹಾಗೇ ಬಿಟ್ಟರು. ನೀವೂ ಸಣ್ಣಪುಟ್ಟ ತೂತುಗಳನ್ನು ತುಂಬಲು ಹೋಗಬೇಡಿ. ಒಂದು ಪಟ್ಟಿ ಮುರಿದರೆ ಮಾತ್ರ ಎಪಾಕ್ಸಿ ಹಚ್ಚಿ.

ಇಷ್ಟೆಲ್ಲ ಯಾಕೆ ಅಂದರೆ, ಆ ಕಾಲದ ಕಾಂಕ್ರೀಟ್ ಕಟ್ಟಡಗಳು ನಮ್ಮ ಕಣ್ಣೆದುರೇ ಹೋಗುತ್ತಿವೆ. ರಾಜ್ ರೇವಾಲ್ ವಿನ್ಯಾಸ ಮಾಡಿ, ಎಂಜಿನಿಯರ್ ಮಹೇಂದ್ರ ರಾಜ್ ಲೆಕ್ಕ ಹಾಕಿ 1972ರಲ್ಲಿ ನಿಲ್ಲಿಸಿದ ದೆಹಲಿಯ ಹಾಲ್ ಆಫ್ ನೇಷನ್ಸ್ ಅನ್ನು 2017ರಲ್ಲಿ ಕೆಡವಿದರು. ಒಂದೊಂದು ಪಟ್ಟಿಯ ಓರೆಯನ್ನೂ ಕೈಯಲ್ಲಿ ಕತ್ತರಿಸಿದವರು ಇಂಥ ಕಟ್ಟಡವನ್ನು ‘ಬರೀ ಸಿಮೆಂಟ್ ಡಬ್ಬ’ ಅನ್ನುವುದಿಲ್ಲ ಎಂಬ ನಂಬಿಕೆ ನನಗಿದೆ.

ಬಕೆಟ್ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗುತ್ತದೆ. ಒಂದು ರಾತ್ರಿ ಬಿಟ್ಟು, ತಳದ ಗಸಿಯನ್ನು ಒಣಗಿಸಿ ಕಸಕ್ಕೆ ಹಾಕಿ. ಎರಡನೇ ಸಲ ನದಿ ಕಡೆಯ ಮುಖ ಮಾಡಿ. ಅಲ್ಲಿ ಪಟ್ಟಿಗಳು ನೇರ ಇರುವುದರಿಂದ ಫೋಮ್ ಕತ್ತರಿಸುವುದು ಅರ್ಧ ದಿನದ ಕೆಲಸ.