ಶಾರ್ಜಾ, ಅಜ್ಮಾನ್ ವೀಸಾದವರೇ, ಹೊಟ್ಟೆನೋವನ್ನು ರಜೆಯವರೆಗೆ ಸಾಕಬೇಡಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಗಲ್ಫಿಗೆ ಹೋದವರಿಗೆ ಒಂದು ಚಾಳಿ ಇದೆ. ಹಲ್ಲು ನೋಯಲಿ, ಸೊಂಟ ಹಿಡಿಯಲಿ, "ರಜೆಗೆ ಊರಿಗೆ ಹೋದಾಗ ತೋರಿಸಿದ್ರಾಯ್ತು" ಅನ್ನುವುದು. ನಾನೂ ಅದೇ ಜಾತಿ. ಅಜ್ಮಾನಿನಲ್ಲಿದ್ದಾಗ ಒಂದು ಹೊಟ್ಟೆನೋವನ್ನು ಏಳು ತಿಂಗಳು ಮಾತ್ರೆ ಕೊಟ್ಟು ಸಾಕಿದೆ. ಹೊನ್ನಾವರಕ್ಕೆ ಬಂದರೆ "ಮಣಿಪಾಲಕ್ಕೆ ಹೋಗಿ" ಅಂದರು. 30 ದಿನದ ರಜೆಯಲ್ಲಿ 11 ದಿನ ಅಲ್ಲೇ ಕಳೆಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ನಾವು ಕೂಗಿದ್ದು ಸುಮ್ನೆ ಅಲ್ಲ.

ಆಗ ನನಗೆ ಆರೋಗ್ಯದ ಇನ್ಶೂರೆನ್ಸೇ ಇರಲಿಲ್ಲ. ಯುಎಇ ಅದನ್ನು ಕಡ್ಡಾಯ ಮಾಡಿದ್ದು ಕಂತು ಕಂತಾಗಿ. ಅಬುಧಾಬಿ ಮೊದಲು, 2005ರ ಕಾನೂನಿನಿಂದ. ಆಮೇಲೆ ದುಬೈ, 2013ರ ಕಾನೂನಿನಿಂದ. ಶಾರ್ಜಾ, ಅಜ್ಮಾನ್, ಉಮ್ ಅಲ್ ಖುವೈನ್, ರಾಸ್ ಅಲ್ ಖೈಮಾ, ಫುಜೈರಾದವರು 2025ರ ಜನವರಿ 1ರವರೆಗೆ ಕಾಯಬೇಕಾಯಿತು. ಈಗ ಅಲ್ಲೂ ಖಾಸಗಿ ಕಂಪನಿಯ ಕೆಲಸಗಾರರಿಗೆ, ಮನೆಕೆಲಸದವರಿಗೆ ಇನ್ಶೂರೆನ್ಸ್ ಇಲ್ಲದೆ ಹೊಸ ವೀಸಾ ಆಗುವುದಿಲ್ಲ, ರಿನ್ಯೂವಲ್ ಕೂಡ ಇಲ್ಲ.

ಬಾಡಿಗೆ ಕಡಿಮೆ ಎಂದು ಶಾರ್ಜಾದಲ್ಲಿ ಮಲಗಿ ದುಬೈಯಲ್ಲಿ ದುಡಿಯುವವರು ನಮ್ಮಲ್ಲಿ ಜಾಸ್ತಿ. ಅವರು ಮೊದಲು ವೀಸಾ ಯಾವ ಎಮಿರೇಟಿನದು, ಅಂದರೆ ಯುಎಇಯ ಈ ಏಳು ಭಾಗಗಳಲ್ಲಿ ಯಾವುದರದು ಎಂದು ನೋಡಬೇಕು. ಲೆಕ್ಕಕ್ಕೆ ಬರುವುದು ಅದು, ಮಲಗುವ ಜಾಗ ಅಲ್ಲ. ಇಲ್ಲಿಂದ ಮುಂದೆ ನಾನು ಹೇಳುವುದು 2025ರಲ್ಲಿ ಸೇರಿದ ಆ ಐದು ಎಮಿರೇಟುಗಳ ಮೂಲ ಇನ್ಶೂರೆನ್ಸ್ ಪ್ಯಾಕೇಜಿನ ಬಗ್ಗೆ.

ಅದರ ಬೆಲೆ ವರ್ಷಕ್ಕೆ 320 ದಿರ್ಹಮ್. ನಮ್ಮ ರೂಪಾಯಿಯಲ್ಲಿ 7,500 ದಾಟುತ್ತದೆ. ಕಟ್ಟಬೇಕಾದವರು ಮಾಲೀಕರು. ನಿಮ್ಮ ಸಂಬಳದಲ್ಲಿ ಅದನ್ನು ಮುರಿದುಕೊಳ್ಳುವ ಹಾಗಿಲ್ಲ. "ಎಲ್ಲರಿಗೂ ಮುರೀತೇವೆ" ಅಂದರೆ ನಂಬಬೇಡಿ.

ನಮ್ಮವರು ಎಡವುವುದು ಇನ್ನೊಂದು ಕಡೆ. ಶಿರಸಿ ಸೀಮೆಯವರಿಗೆ ಸೊಸೈಟಿಯಲ್ಲಿ ಮಾಡಿಸುವ ಯಶಸ್ವಿನಿ ಕಾರ್ಡ್ ಗೊತ್ತು. ಅದು ಆಪರೇಷನ್ನಿಗೆ, ಅಡ್ಮಿಟ್ ಆದಾಗ ತೆಗೆಯುವ ಕಾರ್ಡ್. ಜ್ವರ ಬಂದರೆ ಯಾರೂ ಅದನ್ನು ಹುಡುಕುವುದಿಲ್ಲ. ಅದೇ ಅಂದಾಜನ್ನು ಗಲ್ಫಿಗೂ ಹೊತ್ತುಕೊಂಡು ಹೋಗುತ್ತೇವೆ. ಆದರೆ ಅಲ್ಲಿ ಡಾಕ್ಟರನ್ನು ಸುಮ್ನೆ ನೋಡಿ ಬರುವುದಕ್ಕೂ ಇನ್ಶೂರೆನ್ಸ್ ನಡೆಯುತ್ತದೆ. ಪೂರ್ತಿ ಬಿಟ್ಟಿ ಅಲ್ಲ, ನಿಮ್ಮದೊಂದು ಪಾಲು ಇರುತ್ತದೆ. ಅದಕ್ಕೆ ಕೋ-ಪೇ ಅನ್ನುತ್ತಾರೆ.

ಕ್ಲಿನಿಕ್ಕಿಗೆ ಹೋಗಿ ಬಂದರೆ ಬಿಲ್ಲಿನ 25% ನಿಮ್ಮದು. ಆದರೆ ಒಂದು ಭೇಟಿಗೆ 100 ದಿರ್ಹಮಿಗಿಂತ ಹೆಚ್ಚಿಲ್ಲ. 200ರ ಬಿಲ್ಲಿಗೆ 50 ಕೊಡುತ್ತೀರಿ. ಟೆಸ್ಟೆಲ್ಲ ಸೇರಿ 600 ಆದರೆ 150 ಅಲ್ಲ, 100 ಮಾತ್ರ. ಅದೇ ತೊಂದರೆಗೆ ಏಳು ದಿನದೊಳಗೆ ಮತ್ತೆ ತೋರಿಸಿದರೆ ಪಾಲೇ ಇಲ್ಲ. ಅಡ್ಮಿಟ್ ಆದರೆ 20%. ಒಂದು ಸಲಕ್ಕೆ 500, ಇಡೀ ವರ್ಷಕ್ಕೆ 1,000 ದಿರ್ಹಮ್ ಗರಿಷ್ಠ. ಅಂದರೆ 8,000 ದಿರ್ಹಮಿನ ಆಪರೇಷನ್ನಿಗೆ ನಿಮ್ಮ ಕೈಯಿಂದ ಹೋಗುವುದು 500. ನಾನು ಮಣಿಪಾಲಕ್ಕೆ ಓಡಾಡಿದ ಕಾರಿನ ಬಾಡಿಗೆಯೇ ಅದಕ್ಕಿಂತ ಜಾಸ್ತಿ ಆಗಿತ್ತು, ಮಾರಾಯ್ರೇ.

ಔಷಧಿಯಲ್ಲಿ ಮಾತ್ರ ಕೈ ಬಿಗಿ. ನಿಮ್ಮ ಪಾಲು 30%. ವರ್ಷಕ್ಕೆ 1,500 ದಿರ್ಹಮ್ ಮಿತಿ ಬೇರೆ, ಅದು ದಾಟಿದರೆ ಪೂರ್ತಿ ನೀವೇ ಕೊಡಬೇಕು. ಶುಗರ್, ಬಿಪಿ ಇರುವವರು ಮೊದಲ ತಿಂಗಳಿಂದಲೇ ಈ ಲೆಕ್ಕ ಇಡಿ. ಒಳ್ಳೆಯ ಸುದ್ದಿ ಏನೆಂದರೆ, ಹಳೇ ಕಾಯಿಲೆ ಎಂದು ತಿಂಗಳುಗಟ್ಟಲೆ ಕಾಯಿಸುವುದಿಲ್ಲ. ಮೊದಲ ದಿನದಿಂದಲೇ ಸೇರುತ್ತದೆ. ದುಬೈಯ ಮೂಲ ಪ್ಲಾನಿನಲ್ಲಿ ಮೊದಲ ಸಲ ಸೇರುವವರು ಹಳೇ ಕಾಯಿಲೆಗೆ ಆರು ತಿಂಗಳು ಕಾಯಬೇಕು.

ಹಾಗೆಂದು ಹತ್ತಿರದ ಯಾವ ಕ್ಲಿನಿಕ್ಕಿಗಾದರೂ ನುಗ್ಗಬೇಡಿ. ನೆಟ್‌ವರ್ಕ್ ಪಟ್ಟಿಯಲ್ಲಿ, ಅಂದರೆ ಇನ್ಶೂರೆನ್ಸಿನ ಜೊತೆ ಒಪ್ಪಂದ ಇರುವ ಕ್ಲಿನಿಕ್, ಆಸ್ಪತ್ರೆಗಳ ಪಟ್ಟಿಯಲ್ಲಿ ಇದ್ದವರು ಮಾತ್ರ ಕಾರ್ಡ್ ಒಪ್ಪುತ್ತಾರೆ. ನನ್ನ ರೂಮಿನವನೊಬ್ಬ ಕಟ್ಟಡದ ಕೆಳಗೇ ಇದ್ದ ಕ್ಲಿನಿಕ್ಕಿನಲ್ಲಿ ಕೈಯಿಂದ 280 ದಿರ್ಹಮ್ ಕಟ್ಟಿ ಬಂದ. ಪಟ್ಟಿಯಲ್ಲಿದ್ದ ಕ್ಲಿನಿಕ್ಕು ಎರಡು ರಸ್ತೆ ಆಚೆ ಇತ್ತು.

ಹೆಂಡತಿ ಮಕ್ಕಳನ್ನೂ ಇದೇ ದರದಲ್ಲಿ ಸೇರಿಸಬಹುದು. ಈ ಪ್ಯಾಕೇಜ್ 1ರಿಂದ 64 ವರ್ಷದವರಿಗೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ, 64 ದಾಟಿದವರ ಆರೋಗ್ಯದ ವಿವರ ಬರೆದುಕೊಡುವ ಫಾರಂ ಇದೆ. ಅದರ ಜೊತೆ ಇತ್ತೀಚಿನ ಮೆಡಿಕಲ್ ರಿಪೋರ್ಟ್ ಕೊಡಬೇಕು. ಅವರು ವಿಮಾನ ಹತ್ತುವ ಮೊದಲೇ ಊರಲ್ಲಿ ರಿಪೋರ್ಟ್ ಮಾಡಿಸಿ ಇಟ್ಟುಕೊಳ್ಳಿ.

ಮತ್ತೆ, ಊರಿಂದ ಮಾತ್ರೆ ಡಬ್ಬಿ ಹೊರುವವರಿಗೆ ಒಂದು ಮಾತು. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪುಗಳು ಅಲ್ಲಿ ನಿಯಂತ್ರಿತ ಔಷಧಿಗಳು. ಮುಂಚೆ ಅನುಮತಿ ಪಡೆಯದೆ ಒಯ್ದರೆ ಕೇಸಾಗಬಹುದು. ನನ್ನ ಹೊಟ್ಟೆನೋವಿನ ಮಾತ್ರೆಗಳೂ ಊರಿಂದಲೇ ಬರುತ್ತಿದ್ದವು, ಅಮ್ಮ ಹಲಸಿನ ಹಪ್ಪಳದ ನಡುವೆ ಇಟ್ಟು ಕಳಿಸುತ್ತಿದ್ದಳು. ಅದರಲ್ಲಿ ಏನಿತ್ತು ಎಂದು ನಾನು ಒಮ್ಮೆಯೂ ಓದಿ ನೋಡಿರಲಿಲ್ಲ.