ಅಪ್ಪನ ರೋಡ್‌ಕಿಂಗ್‌ಗೆ ಕಟ್ಟಿದ್ದ ಮಸಿ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ 1986ರದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ನಮ್ಮ ಮನೆಯಲ್ಲಿ ಓಡುತ್ತಲೇ ಇತ್ತು.

ಹೋದ ವರ್ಷ ಅದು ಚಾಮುಂಡಿ ಬೆಟ್ಟ ಹತ್ತಲು ತಿಣುಕತೊಡಗಿತು. ಮೂರನೇ ಗೇರಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಯಿತು. ಏರಿನಲ್ಲಿ ಇಂಜಿನ್ ಒಳಗೆ ಕಿಣಿಕಿಣಿ ಸದ್ದು. ಒಂದು ದಿನ ಕೀ ತೆಗೆದ ಮೇಲೂ ನಾಲ್ಕೈದು ಸುತ್ತು ಓಡಿ ನಿಂತಿತು. ಒಳಗಿನ ಮಸಿ ಕೆಂಡದ ಹಾಗೆ ಕಾದು, ಸ್ಪಾರ್ಕ್ ಇಲ್ಲದೆಯೇ ಪೆಟ್ರೋಲ್ ಹೊತ್ತಿಸುತ್ತಿದೆ ಎಂದು ಆಗ ಅನ್ನಿಸಿತು.

ಯಾಕೆ ಹೀಗಾಯಿತು ಅಂತ ಯೋಚಿಸಿದರೆ ಉತ್ತರ ಮನೆಯಲ್ಲೇ ಇತ್ತು. ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲಿನಲ್ಲೇ ಬೆರೆಸುವ ಎಣ್ಣೆ) ಸಾಕು. ಅಪ್ಪ ಮಾತ್ರ ‘ಎಣ್ಣೆ ಜಾಸ್ತಿ ಇದ್ರೆ ಇಂಜಿನ್ ತಂಪಾಗಿರತ್ತೆ ಕಣೋ’ ಎಂದು 60, 70 ಸುರಿಯುತ್ತಿದ್ದರು. ಓಡಾಟವೂ ಮಾರ್ಕೆಟ್‌ವರೆಗೆ ಅಷ್ಟೇ. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮನೆ ಬರುತ್ತಿತ್ತು. ಸುಡದೆ ಉಳಿದ ಎಣ್ಣೆ ಹೋಗುವುದಾದರೂ ಎಲ್ಲಿಗೆ?

ಪರಿಚಯದ ಮೆಕ್ಯಾನಿಕ್ ಒಬ್ಬರು ನೋಡಿದ ಕೂಡಲೇ ‘ಬೋರ್ ಮಾಡಿಸ್ಬಿಡಿ’ ಅಂದರು. ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಸ್ವಲ್ಪ ಅಗಲ ಮಾಡಿಸುವುದು. ನಾನು ಒಪ್ಪಲಿಲ್ಲ. ಟೂ ಸ್ಟ್ರೋಕ್ ಗಾಡಿಯಲ್ಲಿ ಮೊದಲು ಬಿಚ್ಚಬೇಕಾದದ್ದು ಸೈಲೆನ್ಸರ್. ಹೊಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಹೊಸ ಪೆಟ್ರೋಲ್ ಒಳಗೆ ಬರಲು ಜಾಗ ಎಲ್ಲಿರುತ್ತದೆ? ಎರಡೂ ಸೈಲೆನ್ಸರ್‌ಗಳ ಬ್ಯಾಫಲ್, ಅಂದರೆ ಒಳಗಿನ ತೂತು ತೂತಿನ ಕೊಳವೆ, ಎಳೆದೆ. ತೂತುಗಳೇ ಕಾಣುತ್ತಿರಲಿಲ್ಲ, ಡಾಂಬರು ಹಚ್ಚಿದ ಹಾಗಿತ್ತು. ಹಳೇ ಕಬ್ಬಿಣದ ಬಕೆಟ್ಟಿಗೆ ನೀರು ತುಂಬಿ, ಅದಕ್ಕೆ ಸ್ವಲ್ಪ ಸ್ವಲ್ಪವೇ ಕಾಸ್ಟಿಕ್ ಸೋಡಾ ಹಾಕಿ, ರಾತ್ರಿಯಿಡೀ ನೆನೆಸಿದೆ. ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಲೇಬೇಡಿ. ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ), ಪಿಸ್ಟನ್ ಇವೆಲ್ಲ ಅಲ್ಯೂಮಿನಿಯಂ. ಅವನ್ನು ಇದರಲ್ಲಿ ಹಾಕಿದರೆ ಲೋಹವನ್ನೇ ತಿಂದುಬಿಡುತ್ತದೆ.

ಬ್ಯಾಫಲ್ ತೊಳೆದು ಹಾಕಿದ್ದಕ್ಕೇ ಗಾಡಿಗೆ ಉಸಿರು ಬಂತು. ಆದರೆ ಕಿಣಿಕಿಣಿ ಹೋಗಲಿಲ್ಲ. ಹಾಗಾಗಿ ಹೆಡ್ ಬಿಚ್ಚಿದೆ.

ಹೆಡ್ಡಿನ ಗುಮ್ಮಟ, ಪಿಸ್ಟನ್ ತಲೆ ಎರಡರಲ್ಲೂ ಗಟ್ಟಿ ಕಪ್ಪು ಪದರ. ಹೊಗೆ ಹೊರಹೋಗುವ ಕಿಂಡಿಗಳಾದ ಎರಡು ಎಕ್ಸಾಸ್ಟ್ ಪೋರ್ಟ್‌ಗಳೂ ಮುಕ್ಕಾಲು ಭಾಗವಷ್ಟೇ ತೆರೆದಿದ್ದವು. ಸ್ಕ್ರೂಡ್ರೈವರ್ ತಗೊಂಡು ಕೆರೆಯುವ ಆಸೆ ಯಾರಿಗಾದರೂ ಆಗುತ್ತದೆ. ಬೇಡ. ಅಲ್ಯೂಮಿನಿಯಂ ಮೇಲೆ ಬೀಳುವ ಗೀರಿನಲ್ಲೇ ಮುಂದಿನ ಮಸಿ ಬೇಗ ಹಿಡಿಯುತ್ತದೆ. ನಾನು ಬಿದಿರಿನ ಸೀಳನ್ನು ಉಳಿಯ ಹಾಗೆ ಹೆರೆದುಕೊಂಡೆ. ಸೀಮೆಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಮತ್ತೆ ಕೆರೆದೆ. ಒಂದು ಪೂರ್ತಿ ಭಾನುವಾರ ಹಿಡಿಯಿತು.

ಇಲ್ಲಿ ಒಂದು ತಪ್ಪು ಮಾಡಿದೆ. ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಎತ್ತಿದ ತಕ್ಷಣ ಅದರ ಕೆಳಗಿನ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಬೇಕಿತ್ತು. ಮರೆತೆ. ಪಿಸ್ಟನ್ನನ್ನು ಹಿಡಿದಿಡುವ ಗಜನ್ ಪಿನ್ ಜಾರದಂತೆ ತಡೆಯುವ ಪುಟ್ಟ ಸರ್ಕ್ಲಿಪ್ ಚಿಮ್ಮಿ ಒಳಗೆ ಬಿತ್ತು. ಅಯಸ್ಕಾಂತ ಕಟ್ಟಿದ ತಂತಿಯಿಂದ ಅದನ್ನು ಮೇಲೆತ್ತುವ ಹೊತ್ತಿಗೆ ಕತ್ತಲಾಗಿತ್ತು. ಅದು ಸಿಗದಿದ್ದರೆ ಇಡೀ ಇಂಜಿನ್ ಇಳಿಸಬೇಕಾಗುತ್ತಿತ್ತು. ಹಳೇ ಸರ್ಕ್ಲಿಪ್ ಮತ್ತೆ ಹಾಕಲಿಲ್ಲ, ಹೊಸದೇ ತಂದೆ.

ಬ್ಲಾಕನ್ನು ಲೇತ್ ಅಂಗಡಿಯಲ್ಲಿ ಅಳೆಸಿದಾಗ ಮೇಲ್ಭಾಗ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಬೋರ್ ಮಾಡಿಸಲೇಬೇಕಾಯಿತು. ಮೂಲ ಬೋರ್ 65 ಮಿ.ಮೀ., ನನ್ನದು ಆಗಲೇ ಅದಕ್ಕಿಂತ ಎರಡು ಸೈಜು ದೊಡ್ಡದಾಗಿತ್ತು. ಪಿಸ್ಟನ್ ಮೊದಲು ಕೊಳ್ಳಿ, ಆಮೇಲೆ ಬೋರ್ ಮಾಡಿಸಿ. ಪಿಸ್ಟನ್ ಕೈಯಲ್ಲಿಲ್ಲದೆ ಬರೀ ಸೈಜಿನ ಲೆಕ್ಕದಲ್ಲಿ ಕೊರೆದರೆ ಪಿಸ್ಟನ್ ಸಿಕ್ಕಿಕೊಂಡು ಸೀಜ್ ಆಗುವ ಭಯ ತಪ್ಪಿದ್ದಲ್ಲ.

ಬ್ಲಾಕ್ ವಾಪಸ್ ಬಂದಾಗ ಪೋರ್ಟ್‌ಗಳ ಅಂಚು ಬ್ಲೇಡಿನಂತೆ ಚೂಪಾಗಿತ್ತು. ಹಾಗೇ ಜೋಡಿಸಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಆ ಅಂಚಿಗೆ ಸಿಕ್ಕಿ ಮುರಿಯುತ್ತಿತ್ತು. ತಿರುಗಿ ಒಯ್ದು, ಎದುರಲ್ಲೇ ನಿಂತು, ಪ್ರತಿ ಪೋರ್ಟಿನ ಅಂಚನ್ನೂ ಮೊಂಡು ಮಾಡಿಸಿದೆ. ಈ ಒಂದು ಕೆಲಸವನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ಅದಕ್ಕೇ ಹೊಸ ರಿಂಗ್ ಹಾಕಿದ ಗಾಡಿ ತಿಂಗಳಲ್ಲೇ ಕೆಡುತ್ತದೆ. ಆಮೇಲೆ ಬಿಸಿನೀರು, ಸೋಪು, ಬ್ರಶ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಇರುವವರೆಗೆ ತೊಳೆದೆ. ಒರೆಸಿದ ಕೂಡಲೇ ಎಣ್ಣೆ ಸವರಬೇಕು, ಬ್ಲಾಕಿನ ಬೀಡು ಕಬ್ಬಿಣ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ.

ರಿಂಗನ್ನು ಬೋರಿನೊಳಗೆ ಇಟ್ಟು ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿದೆ, 0.25 ಮಿ.ಮೀ. ಇತ್ತು. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿರುವ ಪುಟ್ಟ ಮೊಳೆಗೆ ಸರಿಯಾಗಿ ರಿಂಗಿನ ಬಾಯಿ ಕೂರಿಸಿ, ಮೆಲ್ಲಗೆ ಬ್ಲಾಕ್ ಇಳಿಸಿದೆ. ಬಲ ಹಾಕಲೇ ಇಲ್ಲ. ಹೆಡ್ಡಿನ ನಾಲ್ಕು ನಟ್ಟನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ.

ಮೂರನೇ ಕಿಕ್ಕಿಗೆ ಹೊತ್ತಿಕೊಂಡಿತು. ಅಪ್ಪ ವರಾಂಡದಿಂದ ಎದ್ದು ಬಂದರು. ಮೊದಲ 500 ಕಿ.ಮೀ. 40ರ ವೇಗ ದಾಟಿಸಲಿಲ್ಲ, ಏರಿಗೂ ಒಯ್ಯಲಿಲ್ಲ. ಆಮೇಲೆ ಒಂದು ಬೆಳಗ್ಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಬೆಟ್ಟಕ್ಕೆ ಹೊರಟೆ. ಅಲ್ಲಿನ ನಂದಿ ವಿಗ್ರಹದ ತನಕ ಮೂರನೇ ಗೇರಲ್ಲೇ ಹತ್ತಿತು. ಈಗ ಎಣ್ಣೆ ಅಳೆಯುವ ಪುಟ್ಟ ಲೋಟ ನನ್ನ ಹತ್ತಿರ ಇರುತ್ತದೆ.