ಶಿವಮೊಗ್ಗ–ಬೆಂಗಳೂರು ವಿಮಾನ: ಸಮಯದ ಲೆಕ್ಕ ಹೀಗೆ ಹಾಕಿ

ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ಬೆಂಗಳೂರು ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ನೇರ ದೂರ ಸುಮಾರು 240 ಕಿ.ಮೀ. ಎಟಿಆರ್ ಎಂಬ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆದರೂ ಟಿಕೆಟ್‌ನಲ್ಲಿ ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚೇ ತೋರಿಸುತ್ತದೆ. ರನ್‌ವೇವರೆಗಿನ ಓಡಾಟ, ವಿಮಾನ ಮೇಲೇರುವ-ಕೆಳಗಿಳಿಯುವ ಹೊತ್ತು, ಬೆಂಗಳೂರಿನಲ್ಲಿ ಇಳಿಯಲು ಸರದಿ ಕಾಯುವುದು ಎಲ್ಲ ಅದರಲ್ಲೇ ಸೇರಿರುತ್ತದೆ.

ನಿಜವಾದ ಲೆಕ್ಕ ಮನೆಯಿಂದ ಶುರುವಾಗಬೇಕು. ಸಾಗರದಿಂದ ಹೊರಡುವವರು ರಸ್ತೆಗೇ ಎರಡು ಗಂಟೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಇನ್ನರ್ಧ ಗಂಟೆ ಸೇರಿಸಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ದೇವನಹಳ್ಳಿಯಿಂದ ಮೆಜೆಸ್ಟಿಕ್ ಮತ್ತೆ ಸುಮಾರು 35 ಕಿ.ಮೀ. ಹಾಗಾಗಿ ಕೆಲಸ ಬೆಂಗಳೂರಿನೊಳಗೇ ಇದ್ದರೆ ರೈಲೇ ವಾಸಿ; ಅಲ್ಲಿಂದ ಬೇರೆ ವಿಮಾನ ಹಿಡಿಯುವವರಿಗೆ ಈ ವಿಮಾನ ನಿಜಕ್ಕೂ ಅನುಕೂಲ.

ಮುಂದಿನ ಪ್ರಯಾಣವನ್ನು ದಯವಿಟ್ಟು ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಬುಕ್ ಮಾಡಿ. ಮಂಜು, ಮಳೆಮೋಡದಿಂದ ರನ್‌ವೇ ಕಾಣದಿದ್ದರೆ ವಿಮಾನ ತಡವಾಗುತ್ತದೆ, ಕೆಲವೊಮ್ಮೆ ರದ್ದೂ ಆಗುತ್ತದೆ. ಬೇರೆ ಬೇರೆ ಟಿಕೆಟ್ ಇದ್ದರೆ ಎರಡನೆಯದರ ದುಡ್ಡು ಹೋದಂತೆಯೇ. ಹಾಗೆ ತೆಗೆಯಲೇಬೇಕಾದರೆ ನಡುವೆ ನಾಲ್ಕು ಗಂಟೆಯಾದರೂ ಬಿಡಿ. ವಿದೇಶಕ್ಕೆ ಹೊರಟವರು ಹಿಂದಿನ ದಿನವೇ ಬೆಂಗಳೂರು ಸೇರುವುದು ಒಳ್ಳೆಯದು.

ಎಟಿಆರ್‌ನಲ್ಲಿ ತಲೆಮೇಲಿನ ಸಾಮಾನು ಗೂಡು ಚಿಕ್ಕದು, ದೊಡ್ಡ ಟ್ರಾಲಿ ಹಿಡಿಸುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಬಿಗಿಯಾಗಿ ಕಟ್ಟಿ ಚೆಕ್-ಇನ್ ಬ್ಯಾಗಿಗೆ ಹಾಕಿ.